ನೇರಳೆ ತಿರುವಿನ ಸಿನಿಮಾ

೧೨ ಜನವರಿ ೧೯೬೪, ಭಾನುವಾರ

ಚನ್ನಮಲ್ಲಪ್ಪನ ಫೋಟೋ ಸ್ಟುಡಿಯೋದ ಹಿಂದಿನ ಕೋಣೆಯಲ್ಲಿ, ಗೋಡೆಗೆ ಮೊಳೆ ಹೊಡೆದು ಕಟ್ಟಿದ ಹಾಸಿಗೆ ಬಟ್ಟೆಯ ಮೇಲೆ, ನಮ್ಮ ಮೂರ್ಗಾಲಿ ಬಳಗದ ಸಿನಿಮಾ ನೋಡಿಬಂದೆ. ಚಪ್ಪಲಿ ಬಿಟ್ಟು ನೇರವಾಗಿ ಬರೆಯಲು ಕುಳಿತಿದ್ದೇನೆ. ಇಷ್ಟು ಅಡ್ಡಾದಿಡ್ಡಿ ಕೆಲಸವನ್ನು ನಾನು ಸರ್ಕಾರಿ ಕಚೇರಿಯಲ್ಲೂ ನೋಡಿಲ್ಲ. ನನ್ನ ಆಯುಷ್ಯದ ಬಹುಭಾಗ ಸರ್ಕಾರಿ ಕಚೇರಿಯಲ್ಲೇ ಕಳೆದಿದೆ.

ಈ ಆಟ ಗೊತ್ತಿಲ್ಲದವರಿಗಾಗಿ ತೆಗೆದ ಚಿತ್ರವಂತೆ. ಹಾಗಾದರೆ ಮೊದಲು ಗಾಡಿಯನ್ನು ತೋರಿಸಬೇಡವೇ? ಒಂದು ಹಲಗೆ, ಅದರಡಿ ಗಾಲಿಗಳಾಗಿ ಲಾರಿಯಿಂದ ಕಳಚಿದ ಮೂರು ಹಳೆ ಬೇರಿಂಗು, ತಿರುಗಿಸಲು ಮುಂದಿನ ಅಡ್ಡಪಟ್ಟಿಗೆ ಒಂದು ಹಗ್ಗ. ಬೇರೆ ಊರುಗಳಲ್ಲಿ ಇದರ ಮೇಲೆ ಕುಳಿತು ಆಡುತ್ತಾರೆ. ಮಡಿಕೇರಿಯಲ್ಲಿ ನಿಂತು ಇಳಿಯುತ್ತೇವೆ. ಅದೇ ನಮ್ಮ ವಿಶೇಷ. ನಿಂತವನು ಇಳಿಜಾರಿನ ಬುಡ ಮುಟ್ಟುವ ತನಕ ನೆಲಕ್ಕೆ ಕಾಲು ತಾಗಿಸಕೂಡದು. ತಾಗಿಸಿದರೆ ಆ ಓಟ ಲೆಕ್ಕಕ್ಕಿಲ್ಲ. ಇಷ್ಟನ್ನು ಹೇಳುವ ಬದಲು ಚನ್ನಮಲ್ಲಪ್ಪ ಮೋಡ ತೋರಿಸಿದ್ದಾನೆ, ಗುಡ್ಡ ತೋರಿಸಿದ್ದಾನೆ, ಮತ್ತೆ ಮೋಡ, ಆಮೇಲೆ ತನ್ನ ಸ್ಟುಡಿಯೋದ ಬೋರ್ಡು. ಚಿತ್ರಕ್ಕೆ ಮಾತಿಲ್ಲವೆಂದು ಪಕ್ಕದಲ್ಲಿ ಗ್ರಾಮಫೋನಿಟ್ಟು ಮದುವೆಯ ನಾಗಸ್ವರ ಹಾಕಿದ್ದ. ಟಾರಿನ ಮೇಲೆ ಬೇರಿಂಗು ಓಡುವ ಸದ್ದು ಎರಡು ಗುಡ್ಡದಾಚೆಗೆ ಕೇಳುತ್ತದೆ. ಆ ಸದ್ದಿಲ್ಲದೆ ನಾಗಸ್ವರದೊಡನೆ ಇಳಿದುಬಂದ ನಮ್ಮ ಬಳಗದ ಬಸ್ ಮೆಕ್ಯಾನಿಕ್ ಸೋಮಯ್ಯ ಮದುವೆಗೆ ಹೊರಟ ಗಂಡಿನಂತೆ ಕಂಡ.

ಸುಮಿತ್ರಮ್ಮನವರ ಕಾಫಿ ಎಸ್ಟೇಟಿನೊಳಗೆ ನಾವು ಇಳಿಯುವ ರಸ್ತೆಯಲ್ಲಿ, ನೇರಳೆ ಮರದ ಪಕ್ಕ ರಸ್ತೆ ಮುರಿದು ತಿರುಗುವಲ್ಲಿ, ಒಂದು ಕಲ್ಲಿದೆ. ಎರಡನೇ ಮಹಾಯುದ್ಧ ಮುಗಿದ ವರ್ಷದಿಂದ ಪ್ರತಿ ಭಾನುವಾರ ನಾನು ಆ ಕಲ್ಲಿನ ಮೇಲೆ ನಿಂತು ‘ತಾಗಿತು’ ಅಥವಾ ‘ಇಲ್ಲ’ ಎಂದು ಹೇಳುತ್ತ ಬಂದವನು. ನನ್ನ ಮಾತಿನ ಮೇಲೆ ಮಾತಿಲ್ಲ. ಸಿನಿಮಾದಲ್ಲಿ ಕಲ್ಲಿದೆ, ನಾನಿಲ್ಲ.

ಇರಲಿ, ನನ್ನ ವಿಷಯ ದೊಡ್ಡದಲ್ಲ. ಆದರೆ ತಿರುವು ದಾಟಿದ ಮೇಲೆ ಸೋಮಯ್ಯನ ನಿಲುವಿನಲ್ಲಿ ಏನೋ ಸರಿಯಿಲ್ಲ. ನಾಳೆ ಮತ್ತೊಮ್ಮೆ ನೋಡಬೇಕು.

೧೩ ಜನವರಿ, ಸೋಮವಾರ

ನೋಡಿದೆ. ಮೋಸ.

ತಿರುವಿನವರೆಗೆ ಇಳಿಯುವವನು ಬಲಗಾಲು ಮುಂದಿಟ್ಟಿದ್ದಾನೆ. ತಿರುವಿನಾಚೆ ಎಡಗಾಲು ಮುಂದಿದೆ. ಮೇಲೆ ನೆರಳು ರಸ್ತೆಯ ಒಂದು ಕಡೆಗೆ ಬಿದ್ದಿದೆ, ಕೆಳಗೆ ಇನ್ನೊಂದು ಕಡೆಗೆ. ಸ್ವೆಟರ್ ಮಾತ್ರ ಅದೇ. ಎಡಗಾಲು ಮುಂದಿಟ್ಟು, ಈಗಲೋ ಆಗಲೋ ಕುಳಿತುಬಿಡುವವನಂತೆ ಮಂಡಿ ಬಗ್ಗಿಸಿ ಇಳಿಯುವವನು ಈ ಊರಿನಲ್ಲಿ ಒಬ್ಬನೇ, ಬಳಗದ ಇನ್ನೊಬ್ಬ ಹುಡುಗ, ವ್ಯಾನಿನ ಕ್ಲೀನರ್ ಸಣ್ಣಸ್ವಾಮಿ. ಇಬ್ಬರ ಎರಡು ಅರ್ಧ ಓಟಗಳನ್ನು ಕತ್ತರಿಸಿ, ಅಂಟು ಹಾಕಿ, ಸೋಮಯ್ಯನ ಒಂದು ಓಟ ಮಾಡಿದ್ದಾರೆ.

“ಚನ್ನಮಲ್ಲಪ್ಪನವರೆ, ಇದು ಯಾರು?” ಎಂದೆ.

“ಸೋಮಯ್ಯ ಅಲ್ವಾ ಸಾರ್.”

“ಇದು?”

“ಅದೂ ಸೋಮಯ್ಯನೇ. ಸ್ವೆಟರ್ ನೋಡಿ.”

“ನಿಮ್ಮ ಸ್ವೆಟರನ್ನು ನಾನು ಹಾಕಿಕೊಂಡರೆ ನಾನೂ ನಿಮ್ಮಂತೆ ಕೊಡ್ಲಿಪೇಟೆಯವನಾಗುತ್ತೇನೆಯೇ?”

ಆತ ಬೀಗದ ಕೈಯಿಂದ ಕಿವಿ ಕೆರೆದುಕೊಂಡ. “ಸಿನಿಮಾ ಅಂದ್ರೆ ಹಂಗೇ ಕಣ್ರೀ ಸಾರ್. ಮದ್ರಾಸಲ್ಲಿ ಹೀರೋ ಕುದುರೆ ಹತ್ತೋದು ಒಬ್ಬ, ಇಳಿಯೋದು ಇನ್ನೊಬ್ಬ. ಯಾರಾದ್ರೂ ಕೇಳ್ತಾರಾ? ಆಯಮ್ಮ ನೋಡಿ ಗೇಟ್ ತೆಗೆದ್ರೆ ಸಾಕಲ್ವಾ ನಮ್ಗೆ?”

ಆಯಮ್ಮ ಎಂದರೆ ಸುಮಿತ್ರಮ್ಮನವರು. ಕಳೆದ ದಸರೆಯ ಮರುವಾರ ಸೋಮಯ್ಯ ಆ ತಿರುವಿನಲ್ಲಿ ಬಿದ್ದು ಹೆಗಲ ಮೂಳೆ ಮುರಿದುಕೊಂಡ. “ನನ್ನ ರಸ್ತೇಲಿ ಹೆಣ ಬೀಳೋದು ಬೇಡ” ಎಂದು ಅವರು ಗೇಟಿಗೆ ಬೀಗ ಹಾಕಿಸಿದರು. ಬಸ್ಸು ಲಾರಿ ಓಡದ ಟಾರು ಇಳಿಜಾರು ಸುತ್ತಮುತ್ತ ಅದೊಂದೇ. ಗೇಟು ತೆರೆಯದಿದ್ದರೆ ಬಳಗ ಮುಗಿದಂತೆ. ಬಿದ್ದವನೇ ಅದೇ ತಿರುವನ್ನು ಸಲೀಸಾಗಿ ದಾಟುವುದನ್ನು ತೋರಿಸಿದರೆ ಅವರ ಮನಸ್ಸು ತಿರುಗೀತು ಎಂಬುದಕ್ಕೇ ಈ ಸಿನಿಮಾ. ಹುಡುಗರು ಬೇಡಿಕೊಂಡದ್ದಕ್ಕೆ ಚಿತ್ರ ತೆಗೆಯಲು ಒಂದು ದಿನದ ಮಟ್ಟಿಗೆ ಒಳಗೆ ಬಿಟ್ಟಿದ್ದರು. ಆ ದಿನ ನನ್ನನ್ನು ಮಾತ್ರ ಯಾರೂ ಕರೆಯಲಿಲ್ಲ.

ಉದ್ದೇಶ ಒಳ್ಳೆಯದೇ. ಆದರೂ ಕೊಡಗು ತಾನೇ ಒಂದು ರಾಜ್ಯವಾಗಿದ್ದಾಗ ಒಂದು ಓಟ ಎಂದರೆ ಒಂದು ಓಟವಾಗಿತ್ತು. ಮೈಸೂರಿಗೆ ಸೇರಿದ ಮೇಲೆ ಅದೂ ಎರಡು ತುಂಡಾಯಿತು. ಭಾನುವಾರ ಸುಮಿತ್ರಮ್ಮನವರಿಗೆ ಚಿತ್ರ ತೋರಿಸುತ್ತಾರಂತೆ. ನಾನು ಅಲ್ಲಿರುತ್ತೇನೆ. ಇದ್ದದ್ದನ್ನು ಇದ್ದಂತೆ ಹೇಳುತ್ತೇನೆ.

೧೫ ಜನವರಿ, ಬುಧವಾರ

ಬಸ್ ವರ್ಕ್‌ಶಾಪಿಗೆ ಹೋಗಿದ್ದೆ. ಸೋಮಯ್ಯ ಒಂದು ಬಸ್ಸಿನಡಿಯಲ್ಲಿದ್ದ. ಕಾಲೆರಡೇ ಕಾಣುತ್ತಿದ್ದವು.

“ಎಂತ ಮಾವ, ಸಿನಿಮಾ ನೋಡ್ದ್ರಾ?” ಎಂದ ಅಲ್ಲಿಂದಲೇ.

“ನೋಡಿದೆ. ತಿರುವು ದಾಟಿದ ಮೇಲೆ ನಿನ್ನ ಎಡಗಾಲು ಮುಂದೆ ಬಂತು.”

ಸ್ಪ್ಯಾನರಿನ ಸದ್ದು ನಿಂತಿತು.

“ನಿಮ್ಗೆ ಗೊತ್ತಾಗ್ತದೆ ಅಂತ ನಾ ಚನ್ನಮಲ್ಲಪ್ಪಂಗೆ ಮೊದ್ಲೇ ಹೇಳಿದ್ದೆ.”

“ಮೂಳೆ ಕೂಡಿಲ್ಲವೇ?”

“ಮೂಳೆ ಕೂಡಿ ಸರಿ ಉಟ್ಟು ಮಾವ. ಕಾಲು ನನ್ನ ಮಾತು ಕೇಳ್ತಿಲ್ಲೆ. ನೇರಳೆ ಮರ ಕಂಡ ಕೂಡ್ಲೆ ತಾನಾಗಿ ಕೆಳಗಿಳ್ದುಬುಡ್ತದೆ. ಸಿನಿಮಾ ತೆಗೆಯೋ ದಿನ ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ನೋಡ್ದೆ. ಎಲ್ಲಾ ಸಲ ಅದೇ.”

ಹೊರಗೆ ಬಂದು ಕೈಯೊರೆಸಿಕೊಂಡು ನನ್ನ ಮುಖ ನೋಡದೆ ಹೇಳಿದ: “ನಾ ಬಿದ್ದದ್ದಕ್ಕೆ ಗೇಟು ಮುಚ್ಚಿದ್ದು. ನನ್ನಿಂದಾಗಿ ಬಳಗ ನಿಂತುಹೋದ್ರೆ ಈ ಊರಲ್ಲಿ ನಾ ಹೆಂಗೆ ತಲೆ ಎತ್ತಿ ನಡೀದು? ನೀವು ಅಲ್ಲಿ ನಿಜ ಹೇಳ್ವವ್ರೇ. ಹೇಳಿ ಮಾವ. ನಂಗೇನೂ ಬೇಜಾರಿಲ್ಲೆ.”

ಬೈಯಲೆಂದು ಹೋದವನು ಹೆಗಲಿಗೆ ಯಾವ ಎಣ್ಣೆ ಹಚ್ಚಬೇಕೆಂದು ಹೇಳಿ ಬಂದೆ. ಅದರಿಂದ ನನ್ನ ಅಭಿಪ್ರಾಯವೇನೂ ಬದಲಾಗಿಲ್ಲ.

೧೯ ಜನವರಿ, ಭಾನುವಾರ

ಸುಮಿತ್ರಮ್ಮನವರ ಕಾಫಿ ಗೋದಾಮಿನಲ್ಲಿ, ಮೂಟೆಗಳ ಮೇಲೆ ಬಟ್ಟೆ ಇಳಿಬಿಟ್ಟು ಸಿನಿಮಾ ತೋರಿಸಿದರು. ಎಸ್ಟೇಟಿನ ಲೆಕ್ಕ ಬರೆಯುವ ರೈಟರು, ಕೂಲಿ ಲೈನಿನ ಮಂದಿ, ಬಳಗದ ಹುಡುಗರು ಎಲ್ಲ ಇದ್ದರು. ಮೋಡ ಬಂದಾಗ ಯಾರೋ ಆಕಳಿಸಿದರು. ನನಗೆ ಸಮಾಧಾನವಾಯಿತು.

ಚಿತ್ರ ಮುಗಿಯಿತು. ಸುಮಿತ್ರಮ್ಮನವರು ಚನ್ನಮಲ್ಲಪ್ಪನನ್ನು ಕೇಳಲಿಲ್ಲ, ಸೋಮಯ್ಯನನ್ನೂ ಕೇಳಲಿಲ್ಲ. ಕುರ್ಚಿಯಲ್ಲೇ ತಿರುಗಿ ನನ್ನನ್ನು ನೋಡಿದರು. ಹಿಂದೊಮ್ಮೆ, ಸರ್ವೆ ಕಚೇರಿಯಲ್ಲಿದ್ದಾಗ, ಗಡಿಕಲ್ಲಿನ ತಕರಾರಿನಲ್ಲಿ ನಾನು ಅವರ ವಿರುದ್ಧವೇ ವರದಿ ಬರೆದಿದ್ದೆ. ಅಂದಿನಿಂದ ಆ ಕಚೇರಿಯಲ್ಲಿ ಅವರು ನನ್ನೊಬ್ಬನ ಮಾತನ್ನೇ ನಂಬಿದ್ದು.

“ಕುಶಾಲಪ್ಪನೋರೆ, ಮೇಲಿಂದ ಕೆಳಗಿನ ತನಕ ಅದು ಸೋಮಯ್ಯನೇ ತಾನೆ?”

ಗ್ರಾಮಫೋನಿನ ಮುಳ್ಳು ಬರಿದೇ ಕೆರೆಯುತ್ತಿತ್ತು. ಅದನ್ನು ಎತ್ತಬೇಕೆಂಬ ಜ್ಞಾನವೂ ಚನ್ನಮಲ್ಲಪ್ಪನಿಗಿಲ್ಲ.

“ಸೋಮಯ್ಯನೇ” ಎಂದೆ.

“ಕಾಲು ತಾಗಿಸ್ಲಿಲ್ವಾ?”

“ಇಲ್ಲ.”

ಅವರು ಕುರ್ಚಿಯಿಂದ ಎದ್ದರು. “ನೀವು ಹೇಳಿದ್ಮೇಲೆ ಮುಗೀತು. ಆದ್ರೆ ಬಟ್ಟೆ ಮೇಲೆ ನೋಡಿದ್ದನ್ನ ಕಣ್ಣೆದುರಿಗೂ ನೋಡೋಣ ಅನ್ನಿಸ್ತದೆ. ಫೆಬ್ರವರಿ ಒಂಬತ್ತು ಭಾನುವಾರ ಸೋಮಯ್ಯ ಒಂದ್ಸಲ ಇಳೀಲಿ. ಇಳಿದ್ರೆ ಗೇಟು ತೆಗೆದೇ ಇರ್ತದೆ.” ಅಷ್ಟು ಹೇಳಿ, ಅಭ್ಯಾಸಕ್ಕೆ ಬೇಕಾಗಬಹುದೆಂದು ಗೇಟಿನ ಕೀಲಿಯನ್ನು ರೈಟರಿಂದ ತೆಗೆದುಕೊಂಡು ನನ್ನ ಕೈಗೇ ಕೊಟ್ಟರು.

೨೦ ಜನವರಿ

ಬರೆಯುವಂಥದ್ದು ಏನೂ ಇಲ್ಲ. ಚನ್ನಮಲ್ಲಪ್ಪ ಅಯೋಗ್ಯ.

೨೧ ಜನವರಿ, ಮಂಗಳವಾರ

ವರ್ಕ್‌ಶಾಪಿನಲ್ಲಿ ಎಲ್ಲರನ್ನೂ ಸೇರಿಸಿ ಸ್ಪಷ್ಟವಾಗಿ ಹೇಳಿದೆ: ನಾನು ಒಂದು ಮಾತು ಆಡಿಬಿಟ್ಟಿದ್ದೇನೆ, ಅದನ್ನು ನಿಜ ಮಾಡಿಕೊಡುವುದು ಈಗ ಸೋಮಯ್ಯನ ಕೆಲಸ.

ಸಣ್ಣಸ್ವಾಮಿ ಕೈಯೆತ್ತಿದ. “ನಾನೇ ಇಳೀತೀನಿ ಬಿಡಿ ಸಾರ್, ಸ್ವೆಟರ್ ಹಾಕ್ಕೊಂಡು.”

“ಮುಖಕ್ಕೂ ಸ್ವೆಟರ್ ಹಾಕುತ್ತೀಯಾ?”

“ಚಳಿ ಅಂತ ಹೇಳಾನ.”

ಇಂಥವರನ್ನು ಕಟ್ಟಿಕೊಂಡು ನಾನು ನನ್ನ ಮಾನ ಉಳಿಸಿಕೊಳ್ಳಬೇಕು.

೨೫ ಜನವರಿ, ಶನಿವಾರ

ದಿನಾ ಬೆಳಿಗ್ಗೆ, ಆಳುಗಳು ಕುಯ್ಲಿಗೆ ಹೊರಡುವ ಮೊದಲು, ಗೇಟು ತೆಗೆದು ನಾನೂ ಸೋಮಯ್ಯನೂ ರಸ್ತೆಗಿಳಿಯುತ್ತಿದ್ದೇವೆ. ಮೊದಲು ಗಾಡಿಯಿಲ್ಲದೆ ತಿರುವಿನಲ್ಲಿ ನಡೆದೆವು. ಆಮೇಲೆ ಅವನು ಗಾಡಿಯ ಮೇಲೆ ನಿಂತ, ನಾನು ಹಿಂದಿನಿಂದ ಹಗ್ಗ ಕಟ್ಟಿ ಹಿಡಿದುಕೊಂಡು ಇಳಿದೆ. ಹಟಮಾರಿ ಕರುವನ್ನು ಹಿಡಿದಂತಿತ್ತು ಎಂದು ದಾರಿಯಲ್ಲಿ ಕಂಡ ರೈಟರು ಹೇಳಿದರು. ಅವರ ಅಭಿಪ್ರಾಯ ಯಾರೂ ಕೇಳಿರಲಿಲ್ಲ.

ನಿಧಾನವಾಗಿ ಇಳಿದರೆ ಸೋಮಯ್ಯ ತಿರುವು ದಾಟುತ್ತಾನೆ. ನಾನು ಹಗ್ಗ ಬಿಟ್ಟರೆ ಅವನ ಕಾಲು ಹಲಗೆ ಬಿಡುತ್ತದೆ.

“ಹಿಂದ್ಗಡೆ ಗಾಲಿ ಜಾರ್ದಂಗೆ ಆಗ್ತದೆ ಮಾವ. ಆವತ್ತೂ ಹಂಗೇ ಜಾರ್ದ್ದು.”

ನನಗೆ ಮಂಡಿ ನೋವು. ವಿಚಿತ್ರವೆಂದರೆ ಹಸಿವು ಚೆನ್ನಾಗಿದೆ.

೨೯ ಜನವರಿ, ಬುಧವಾರ

ಹೆಂಡತಿ ಗಂಗಮ್ಮನಿಗೆ ಈವರೆಗೆ ಏನನ್ನೂ ಹೇಳಿರಲಿಲ್ಲ. ಇಂದು ಮಂಡಿಗೆ ಎಣ್ಣೆ ಕಾಯಿಸಿಕೊಡು ಎಂದಾಗ ಎಲ್ಲ ಹೊರಗೆ ಬಂತು. ಅವಳು ಒಲೆಯ ಮುಂದೆ ಕುಳಿತು ಕಡುಬು ಬೇಯಿಸುತ್ತಿದ್ದಳು.

“ನಿಮ್ಗೆ ಮಂಡೆ ಸರಿ ಉಟ್ಟಾ? ಪಿಂಚಣಿ ಬಂದ ಮೇಲೆ ಮನುಷ್ಯರು ರಾಮಾಯಣ ಓದ್ತಾರೆ. ನೀವು ಹಗ್ಗ ಹಿಡ್ಕೊಂಡು ಓಡ್ತಿದ್ದೀರಿ.”

“ಹಿಂದಿನ ಗಾಲಿ ಜಾರುತ್ತದೆ, ಅದೇ ಸಮಸ್ಯೆ” ಎಂದೆ.

“ಜಾರದೆ ಎಂತ ಮಾಡ್ತದೆ? ಆ ಗಾಡಿ ಮಾಡಿದ್ದು ಎಂತಕ್ಕೆ? ಡಿಪೋದಿಂದ ಸೌದೆ ತರ್ವಾಗ ನಮ್ಮಪ್ಪ ಹಿಂದೆ ಹೊರೆ ಹಾಕಿ ಮುಂದೆ ನಿಲ್ತಿದ್ದ್ರು. ಹೊರೆ ಇದ್ದ್ರೆ ಗಾಡಿ ನೆಲ ಕಚ್ಚಿಕೊಂಡು ಬರ್ತಿತ್ತು. ಈಗಿನ ಹೈದಂಗಳು ಬರೀ ಹಲಗೆ ಮೇಲೆ ಕುಣಿದ್ರೆ ಚರಂಡಿಗೆ ಹೋಗದೆ ಎಲ್ಲಿಗೆ ಹೋಗ್ತವೆ?”

“ಸ್ಪರ್ಧೆಯಲ್ಲಿ ಸೌದೆ ಹೇರಿಕೊಂಡು ಇಳಿಯಲಾಗುತ್ತದೆಯೇ?”

“ಹಂಗಾದ್ರೆ ಸೌದೆ ಬದ್ಲು ನೀವೇ ಹಿಂದೆ ಕೂತ್ಕೊಳ್ಳಿ. ತೂಕ ಸರಿಯಾಗ್ತದೆ, ಉಪಯೋಗಾನೂ ಆಗ್ತದೆ.”

ಹಾಸ್ಯಕ್ಕೆ ಹೇಳಿದಳು. ನಾನು ನಗಲಿಲ್ಲ. ಹಾಸ್ಯಕ್ಕೂ ಒಂದು ಹೊತ್ತಿದೆ.

೧ ಫೆಬ್ರವರಿ, ಶನಿವಾರ

ಕುಳಿತು ನೋಡಿದೆ. ಪರೀಕ್ಷೆಗೆಂದು ಮಾತ್ರ. ಹಲಗೆಯ ಹಿಂಭಾಗದಲ್ಲಿ ಗೋಣಿ ಮಡಿಸಿ ಹಾಕಿ, ಮಂಡಿ ಎದೆಗೆ ಹತ್ತಿಸಿಕೊಂಡು ಕುಳಿತೆ. ಸೋಮಯ್ಯ ಮುಂದೆ ನಿಂತ. ತಿರುವಿಗೆ ಬಹಳ ಮೊದಲೇ, “ನಿಲ್ಲಿಸು” ಎಂದೆ. ನಿಲ್ಲಿಸಲು ಅವನ ಕಾಲು ಎಂದಿನಂತೆ ಸಿದ್ಧವಾಗಿಯೇ ಇತ್ತು.

೪ ಫೆಬ್ರವರಿ, ಮಂಗಳವಾರ

ಅರ್ಧ ತಿರುವು.

“ಮಾವ, ನೀವು ನನ್ನ ಪಂಚೆ ಎಳೀತಿದ್ದೀರಿ.”

“ನಾನು ಎಳೆಯುತ್ತಿಲ್ಲ, ಹಿಡಿದಿದ್ದೇನೆ.”

“ಬಿಡಿ. ಕೆಳಗೆ ಬಂದಾಗ ಅದು ನನ್ನ ಮೈಮೇಲೆ ಇರ್ಬೇಕಲ್ಲ.”

೭ ಫೆಬ್ರವರಿ, ಶುಕ್ರವಾರ

ತಿರುವು ಪೂರ್ತಿ ದಾಟಿದೆವು. ಎರಡು ಸಲ. ಗಾಲಿ ಜಾರಲಿಲ್ಲ. ಸೋಮಯ್ಯ ಗಾಡಿಯಿಂದ ಇಳಿದ. ನೇರಳೆ ಮರದ ಹತ್ತಿರಕ್ಕೆ ಹಿಂತಿರುಗಿ ನಡೆದುಹೋಗಿ, ಬುಡಕ್ಕೆ ಒಂದು ಸಲ ಒದ್ದು ಬಂದ.

ತಿರುವಿನಲ್ಲಿ ಮೈಯನ್ನು ಒಳಗಡೆಗೆ ವಾಲಿಸಬೇಕು. ಇಷ್ಟು ವರ್ಷ ಕಲ್ಲಿನ ಮೇಲೆ ನಿಂತು ನಾನು ‘ನೆಟ್ಟಗೆ ನಿಲ್ಲು’ ಎಂದು ಕೂಗುತ್ತಿದ್ದೆ. ಆ ಮಾತನ್ನು ಯಾರೂ ಕೇಳದೆ ಇದ್ದದ್ದು ಹುಡುಗರ ಅವಿಧೇಯತೆ, ಆದರೆ ಈ ಒಂದು ವಿಷಯದಲ್ಲಿ ಅದರಿಂದ ಕೆಡುಕಾಗಲಿಲ್ಲ.

೯ ಫೆಬ್ರವರಿ, ಭಾನುವಾರ

ಮುಂಗೈ ತರಚಿದೆ, ಅಕ್ಷರ ಸೊಟ್ಟಗೆ ಬಂದರೆ ಅದೇ ಕಾರಣ.

ಬೆಳಿಗ್ಗೆ ಗೇಟಿನಿಂದ ರಸ್ತೆಯ ಬುಡದಲ್ಲಿರುವ ಕಾಫಿ ಒಣಗಿಸುವ ಕಣದವರೆಗೆ ಜನ. ನನ್ನ ಕಲ್ಲಿನ ಮೇಲೆ ಸುಮಿತ್ರಮ್ಮನವರೇ ಹತ್ತಿ ನಿಂತಿದ್ದರು. ಚನ್ನಮಲ್ಲಪ್ಪ ಕ್ಯಾಮೆರಾ ಹಿಡಿದು ಒಂದು ಸಿಲ್ವರ್ ಓಕ್ ಮರದಡಿ ಇದ್ದ. ಮೋಡ ತೆಗೆಯಬೇಡಿ ಎಂದು ಅವನಿಗೆ ಮೊದಲೇ ಹೇಳಿದ್ದೆ.

ಗುಡ್ಡದ ಮೇಲೆ ಸೋಮಯ್ಯ ಹಗ್ಗ ಹಿಡಿದು ನಿಂತ. ನಾನು ಹಲಗೆಯ ಹಿಂಭಾಗದಲ್ಲಿ ಗೋಣಿ ಹಾಕತೊಡಗಿದೆ.

“ಮಾವ, ಇಷ್ಟು ಜನದ ಎದ್ರು ನೀವು ಕೂರ್ದು ಬೇಡ. ನಗ್ತಾರೆ.”

“ನಗಲಿ. ನಾನು ಕೂರದಿದ್ದರೆ ನೀನು ಇಳಿಯುತ್ತೀಯಾ?”

“ಇಲ್ಲೆ.”

“ಹಾಗಾದರೆ ಹೊರಡು.”

ನಕ್ಕರು. ಮೊದಲ ಇಳಿಜಾರಿನ ಉದ್ದಕ್ಕೂ ನಗು ಕೇಳುತ್ತಿತ್ತು. ಆಮೇಲೆ ಬೇರಿಂಗಿನ ಸದ್ದು ಏರಿತು, ಬೇರೇನೂ ಕೇಳಲಿಲ್ಲ. ಅದು ಎರಡು ಗುಡ್ಡದಾಚೆಗೆ ಕೇಳುವ ಸದ್ದು ಎಂದು ನಾನು ಈ ಹಿಂದೆ ಬರೆದಿದ್ದೇನೆ. ಅದರ ಮೇಲೆ ಕುಳಿತವನಿಗೆ ಹಲ್ಲಿನೊಳಗೆ ಕೇಳುತ್ತದೆ. ನೇರಳೆ ಮರ ಬಂತು. ಸೋಮಯ್ಯ ವಾಲಿದ, ನಾನೂ ವಾಲಿದೆ. ಗಾಲಿ ನೆಲ ಕಚ್ಚಿತು. ಅವನ ಎರಡು ಪಾದಗಳೂ ನನ್ನ ಮೂಗಿನ ಮುಂದೆ ಹಲಗೆಯ ಮೇಲೆಯೇ ಇದ್ದವು. ಇದನ್ನು ನಾನು ಯಾವ ಕೋರ್ಟಿನಲ್ಲಿ ಬೇಕಾದರೂ ಹೇಳುತ್ತೇನೆ. ನನ್ನ ಕಾಲಿನ ವಿಷಯ ಹೇಳಲಾರೆ, ಆಮೇಲೆ ಕಣ್ಣು ಮುಚ್ಚಿದ್ದೆ. ಒಂದು ಚಪ್ಪಲಿ ತಿರುವಿನಲ್ಲಿ ಸಿಕ್ಕಿತಂತೆ. ಅದಕ್ಕೆ ನೂರು ಕಾರಣವಿರಬಹುದು.

ತಿರುವನ್ನೇ ಯೋಚಿಸುತ್ತಿದ್ದ ನಾವಿಬ್ಬರೂ ಬುಡದಲ್ಲಿ ಹೇಗೆ ನಿಲ್ಲುವುದೆಂದು ಯೋಚಿಸಿರಲಿಲ್ಲ. ಹಿಂದಿನ ದಿನಗಳಲ್ಲಿ ತಿರುವಾದ ಕೂಡಲೇ ಸೋಮಯ್ಯ ಗಾಡಿಯನ್ನು ಬದಿಗೆ ತಿರುಗಿಸಿ ನಿಲ್ಲಿಸುತ್ತಿದ್ದ. ಇಂದು ಖುಷಿಗೆ ಬಿಟ್ಟುಬಿಟ್ಟ. ಇಬ್ಬರ ತೂಕದ ಗಾಡಿ ರಸ್ತೆ ಮುಗಿದರೂ ನಿಲ್ಲದೆ ಕಣದೊಳಕ್ಕೆ ಹೋಯಿತು. ಕಣದ ತುಂಬ ಒಣಗಲು ಹರವಿದ ಕಾಫಿ ಹಣ್ಣು. ಸೋಮಯ್ಯ ಹಾರಿಕೊಂಡ. ಹೊರೆಗೆ ಹಾರಲು ಬರುವುದಿಲ್ಲ. ನಾನು ಕಣದ ಆ ತುದಿಯವರೆಗೆ ಹಣ್ಣಿನ ನಡುವೆ ನೇಗಿಲಿನಂತೆ ಒಂದು ಸಾಲು ಹೊಡೆದುಕೊಂಡು ಹೋಗಿ, ಗುಡ್ಡೆ ಹಾಕಿದ ಕಾಫಿಯೊಳಗೆ ಸೊಂಟದವರೆಗೆ ನಿಂತೆ. ನಿಂತೆ ಎನ್ನುವುದಕ್ಕಿಂತ ನಿಲ್ಲಿಸಲ್ಪಟ್ಟೆ.

ಸುಮಿತ್ರಮ್ಮನವರು ನಿಧಾನವಾಗಿ ನಡೆದು ಬಂದರು.

“ಕುಶಾಲಪ್ಪನೋರೆ, ಸಿನಿಮಾದಲ್ಲಿ ಸೋಮಯ್ಯನ ಹಿಂದೆ ನಿಮ್ಮನ್ನ ಕಾಣ್ಲಿಲ್ಲ. ಈ ಕಣಾನೂ ಕಾಣ್ಲಿಲ್ಲ.”

“ಕತ್ತರಿಸಿದ್ದಾರೆ” ಎಂದೆ.

“ಸಣ್ಣಸ್ವಾಮಿನ ಮಾತ್ರ ಉಳಿಸ್ಕೊಂಡ್ರಾ?”

ನನ್ನ ಬಾಯಲ್ಲಿ ಒಂದು ಕಾಫಿ ಹಣ್ಣಿತ್ತು. ಅದನ್ನು ತೆಗೆದೆ.

“ಕೆಳಗಿನರ್ಧ ಇಳಿದೋನು ಸಣ್ಣಸ್ವಾಮಿ ಅಂತ ನಮ್ಮ ರೈಟರು ಸಿನಿಮಾ ತೆಗೆದ ಸಂಜೆನೇ ಹೇಳಿದ್ರು. ನಂಗೆ ಅದೇನು ಮುಖ್ಯ ಅನ್ನಿಸ್ಲಿಲ್ಲ. ನೀವು ಏನು ಹೇಳ್ತೀರ ಅಂತ ಕೇಳಿದೆ. ಗಡಿಕಲ್ಲಿಗೆ ಬರದಿದ್ದ ಸುಳ್ಳು ಹಲಗೆ ಗಾಡಿಗೆ ಬಂತಲ್ಲ, ಯಾಕೆ ಅಂತ ನೋಡ್ಬೇಕು ಅಂತಲೇ ಈ ಭಾನುವಾರ ಕೊಟ್ಟಿದ್ದು.”

ನಾನು ಸೋಮಯ್ಯನ ಕಡೆ ನೋಡಿದೆ. ಅವನು ನಮ್ಮ ಮಾತು ಕೇಳುತ್ತಿರಲಿಲ್ಲ. ಸೊಂಟಕ್ಕೆ ಕೈಕೊಟ್ಟು ತಿರುವಿನ ಕಡೆಗೇ ನೋಡುತ್ತ ಒಬ್ಬನೇ ನಗುತ್ತಿದ್ದ. ಸುಮಿತ್ರಮ್ಮನವರೂ ಅತ್ತ ನೋಡಿದರು.

“ಗೇಟು ತೆಗೆದಿರ್ತದೆ” ಎಂದರು. “ಆದ್ರೆ ಯಾರೇ ಇಳೀಲಿ, ಹಿಂದೆ ಹೊರೆ ಇರ್ಬೇಕು. ನೀವಾದ್ರೂ ಸರಿ, ಸೌದೆಯಾದ್ರೂ ಸರಿ. ಈಗ ಎದ್ದು ಹಣ್ಣು ಹರವಿಕೊಟ್ಟು ಹೋಗಿ.”

ಬಳಗದವರೆಲ್ಲ ಸೇರಿ ಮಧ್ಯಾಹ್ನದವರೆಗೆ ಕಣ ಸರಿಮಾಡಿದೆವು. ನನ್ನ ಪಕ್ಕ ಹರವುತ್ತಿದ್ದ ಸಣ್ಣಸ್ವಾಮಿ, “ಸಾರ್, ನೀವು ಸೌದೆಗಿಂತ ಚೆನ್ನಾಗಿ ಬಂದ್ರಿ” ಎಂದ. ಹುಡುಗನಿಗೆ ಆಟದ ತಿಳಿವಳಿಕೆ ಇದೆ.

೮ ಮಾರ್ಚ್, ಭಾನುವಾರ

ಬೆಳಿಗ್ಗೆ ಬಳಗದ ಎಲ್ಲ ಹುಡುಗರ ಹಿಂದೆಯೂ ಒಂದೊಂದು ಸಲ ಇಳಿದದ್ದಾಯಿತು. ಸೌದೆ ಬೇಡವಂತೆ, ಅದು ವಾಲುವುದಿಲ್ಲ ಎನ್ನುತ್ತಾರೆ. ಸಂಜೆ ಸ್ಟುಡಿಯೋಗೆ ಹೋದೆ. ಬೊಂಬಾಯಿಯಿಂದ ಹೊಸ ಚಿತ್ರ ತೊಳೆದು ಬಂದಿದೆ.

ಈ ಸಲ ಚನ್ನಮಲ್ಲಪ್ಪ ಸುಧಾರಿಸಿದ್ದಾನೆ. ಒಂದೇ ಮೋಡವಿದೆ. ತಿರುವಿನಲ್ಲಿ ಸೋಮಯ್ಯನ ನಿಲುವು ನಾನು ಇದುವರೆಗೆ ನೋಡಿದ್ದರಲ್ಲೆಲ್ಲ ಶ್ರೇಷ್ಠ. ಹಿಂದೆ ಕುಳಿತವನ ವಾಲುವಿಕೆಯೂ ಸರಿಯಾಗಿದೆ, ಮುಖ ಮಾತ್ರ ಸ್ವಲ್ಪ ಬಿಗಿದುಕೊಂಡಿದೆ. ಅದು ಏಕಾಗ್ರತೆ ಎಂದು ತಿಳಿದವರಿಗೆ ತಿಳಿಯುತ್ತದೆ. ನಾಗಸ್ವರದ ಬಗ್ಗೆಯೂ ನಾನು ಮೊದಲು ಆತುರಪಟ್ಟೆನೇನೋ. ತಿರುವಿನ ಹೊತ್ತಿಗೆ ಅದು ಚೆನ್ನಾಗಿ ಹೊಂದುತ್ತದೆ.

ಮುಂದಿನ ವಾರ ಊರಿಗೆಲ್ಲ ತೋರಿಸುತ್ತಾರಂತೆ. ಗಂಗಮ್ಮ ತನ್ನ ತಂಗಿಯನ್ನೂ ಕರೆಸಿದ್ದಾಳೆ. ಚನ್ನಮಲ್ಲಪ್ಪನನ್ನು ಪಕ್ಕಕ್ಕೆ ಕರೆದು, ಚಿತ್ರವನ್ನು ರಸ್ತೆ ಮುಗಿಯುವಲ್ಲಿಗೇ ಕತ್ತರಿಸಲು ಹೇಳಿ ಬಂದಿದ್ದೇನೆ. ಕಣದ ಭಾಗ ಓಟಕ್ಕೆ ಸಂಬಂಧಿಸಿದ್ದಲ್ಲ.